ಐದು ಉಳ್ಳಾಗಡ್ಡಿ

ಸಿಂದಗಿ
೭ ಮಾರ್ಚ್ ೧೯೭೬, ರವಿವಾರ

ಗೌಸಬಿ ಅಕ್ಕನಿಗೆ ಕಸ್ತೂರೆವ್ವ ಮಾಡುವ ನಮಸ್ಕಾರ.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನೀವು ದೇವರ ಹಿಪ್ಪರಗಿಯ ದವಾಖಾನೆ ಬಿಟ್ಟು ಮುದ್ದೇಬಿಹಾಳದ ತಂಗಿಯ ಮನೆ ಸೇರಿ ಎರಡು ತಿಂಗಳಾಯಿತು. ಈ ಎರಡು ತಿಂಗಳಲ್ಲಿ ನಿಮಗೆ ಮೂರು ಪತ್ರ ಬರೆದು ಹರಿದು ಹಾಕಿದ್ದೇನೆ. ಮೂರರಲ್ಲೂ ನಿಮಗೆ ಸಮಾಧಾನ ಹೇಳಿದ್ದೆ. ಯಾರೋ ಹೆಸರಿಲ್ಲದ ಅರ್ಜಿ ಬರೆದು ನಿಮ್ಮ ನೌಕರಿಗೆ ಕಲ್ಲು ಹಾಕಿದರು, ಅವರಿಗೆ ಒಳ್ಳೆಯದಾಗುವುದಿಲ್ಲ ಎಂದು ಬರೆದಿದ್ದೆ. ಆ ಸಾಲಿಗೆ ಬಂದಾಗಲೆಲ್ಲ ಕೈ ನಿಂತುಬಿಡುತ್ತಿತ್ತು.

ಅಕ್ಕಾ, ಆ ಅರ್ಜಿ ಬರೆದವಳು ನಾನು.

ಇಷ್ಟು ಓದಿ ನೀವು ಕಾಗದ ಒಲೆಗೆ ಹಾಕಿದರೂ ನಾನು ಏನೂ ಅನ್ನುವ ಹಾಗಿಲ್ಲ. ಹನ್ನೊಂದು ವರ್ಷದ ಹಿಂದೆ ಹಿಪ್ಪರಗಿಯ ನನ್ನ ತವರುಮನೆಯಲ್ಲಿ ಎರಡು ದಿನ ಬೇನೆ ತಿಂದಾಗ ನನ್ನ ತಲೆದೆಸೆ ಬಿಟ್ಟು ಏಳದವರು ನೀವು. ನನ್ನ ಮಗಳನ್ನು ನನಗಿಂತ ಮೊದಲು ಕೈಗೆ ತೆಗೆದುಕೊಂಡವರು ನೀವು. ಅಂಥವರ ಮೇಲೆ ಬರೆಯುವಷ್ಟು ನನಗೆ ಏನಾಯಿತು ಎಂಬುದನ್ನು ಮೊದಲಿನಿಂದ ಹೇಳುತ್ತೇನೆ. ಕ್ಷಮೆ ಸಿಗಲಿ ಎಂದು ಹೇಳುತ್ತಿಲ್ಲ. ನಿಮಗೆ ಗೊತ್ತಿರಬೇಕು, ಅಷ್ಟೇ.

ಹೋದ ಸಪ್ಟೆಂಬರಿನಲ್ಲಿ ಗುರಲಿಂಗಪ್ಪ ಮಾಸ್ತರರ ಹೆಂಡತಿ ನೀರಿಗೆ ಬಂದಾಗ ಒಂದು ಮಾತು ಕೇಳಿದಳು. ನಿಮ್ಮ ಮನೆಯವರಿಗೆ ಹೈಸ್ಕೂಲಿನ ವಿಳಾಸಕ್ಕೆ ಕಾಶ್ಮೀರದಿಂದ ಪಾರ್ಸಲ್ ಬಂದಿದೆಯಂತಲ್ಲ, ಏನದು ಎಂದಳು. ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ಮಾಸ್ತರರು ಏಪ್ರಿಲ್ ತಿಂಗಳಲ್ಲಿ ಶಿಕ್ಷಕರ ಪ್ರವಾಸಕ್ಕೆಂದು ಶ್ರೀನಗರಕ್ಕೆ ಹೋಗಿ ಬಂದಿದ್ದರು. ಊಟಕ್ಕೆ ಕುಳಿತಾಗ ಪಾರ್ಸಲಿನ ವಿಷಯ ತೆಗೆದೆ. ಪುಸ್ತಕ ಎಂದರು. ವಾರವಾದರೂ ಮನೆಗೆ ಒಂದು ಪುಸ್ತಕವೂ ಬರಲಿಲ್ಲ.

ಅಕ್ಟೋಬರಿನಿಂದ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಹಿಪ್ಪರಗಿ ಬಸ್ಸು ಹಿಡಿಯತೊಡಗಿದರು. ನನ್ನ ತಮ್ಮನ ಹತ್ತಿರ ಹೊಲದ ಮಾತು ಇದೆ ಎನ್ನುತ್ತಿದ್ದರು. ದೀಪಾವಳಿಗೆ ತಮ್ಮನ ಹೆಂಡತಿ ಸಾತವ್ವ ಬಂದಳು. ಅಣ್ಣಾರು ನಮ್ಮ ಮನೆಗೆ ಒಂದು ಸಲವೂ ಬಂದಿಲ್ಲ ಎಂದಳು. ದವಾಖಾನೆಯ ಹಿಂದಿನ ಬಾಗಿಲ ಹತ್ತಿರ ನಿಂತದ್ದನ್ನು ಎರಡು ಸಲ ನೋಡಿದ್ದಾಳಂತೆ. ಒಳಗಿನಿಂದ ಬಾಗಿಲು ತೆರೆಯಿತಂತೆ, ಮತ್ತೆ ಮುಚ್ಚಿತಂತೆ. ಸಾತವ್ವನನ್ನು ನೀವು ಬಲ್ಲಿರಿ. ಅರ್ಧ ಹೇಳುತ್ತಾಳೆ, ಉಳಿದರ್ಧಕ್ಕೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಮುಂದಿನ ಶನಿವಾರ ಮಾಸ್ತರರು ಮನೆಗೆ ಬಂದಾಗ ಎಲ್ಲಿಗೆ ಹೋಗಿದ್ದಿರಿ ಎಂದು ಸುಮ್ಮನೆ ಕೇಳಿದಂತೆ ಕೇಳಿದೆ. ಬಸವನ ಬಾಗೇವಾಡಿಗೆ, ಪರೀಕ್ಷೆಯ ಕಾಗದ ತರಲು ಎಂದರು. ಅಂಗಿಯ ಜೇಬಿನಲ್ಲಿ ಹಿಪ್ಪರಗಿಯ ಟಿಕೀಟು ಇತ್ತು. ಅಂಗಿಗೆ ದವಾಖಾನೆಯ ಸ್ಪಿರಿಟ್ ವಾಸನೆ ಇತ್ತು. ಅವರಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಕಿವಿ ಕೆಂಪಾಗಿತ್ತು. ಆ ಟಿಕೀಟನ್ನು ಅವರ ಮುಂದೆ ಹಿಡಿದಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು. ಹಿಡಿಯಲಿಲ್ಲ. ಸಂಶಯಕ್ಕೆ ಒಂದು ರುಚಿ ಇರುತ್ತದೆ ಅಕ್ಕಾ. ಒಂದೊಂದೇ ಗುರುತು ಕೈಗೆ ಸಿಕ್ಕಾಗ ನಾನು ಎಷ್ಟು ಜಾಣೆ ಅನಿಸುತ್ತದೆ. ಆ ರುಚಿ ಬಿಡಲು ನನಗೆ ಮನಸ್ಸಾಗಲಿಲ್ಲ.

ಆಮೇಲೆ ನಿಮ್ಮ ಚೀಟಿ ಸಿಕ್ಕಿತು. ಅಂಗಿ ಒಗೆಯಲು ತೆಗೆದಾಗ ಜೇಬಿನಲ್ಲಿತ್ತು. ಇವತ್ತಿಗೂ ಬಾಯಿಪಾಠವಿದೆ. “ಐದೂ ಸುರಕ್ಷಿತ ಇವೆ. ನೀವು ಹೇಳಿದಂತೆ ಕತ್ತಲಲ್ಲೇ ಇಟ್ಟಿದ್ದೇನೆ. ಬಾಗಿಲನ್ನು ನಾನೊಬ್ಬಳೇ ತೆರೆಯುತ್ತೇನೆ. ಮನೆಯಲ್ಲಿ ಈಗಲೇ ತಿಳಿಸಬೇಡಿ.”

ಯಾವ ಐದು, ಯಾವ ಬಾಗಿಲು ಎಂದು ನಾನು ಯೋಚಿಸಲಿಲ್ಲ. “ಮನೆಯಲ್ಲಿ ತಿಳಿಸಬೇಡಿ” ಎಂಬುದೊಂದೇ ಕಣ್ಣಿಗೆ ಬಿತ್ತು. ಆ ಮನೆಯೆಂದರೆ ನಾನು. ಚೀಟಿಯನ್ನು ಇದ್ದ ಹಾಗೆಯೇ ಮಡಿಸಿ ಜೇಬಿನಲ್ಲಿಟ್ಟೆ. ಅಂಗಿಯನ್ನು ಎರಡು ದಿನ ಒಗೆಯಲಿಲ್ಲ.

ಡಿಸೆಂಬರಿನಲ್ಲಿ ಚಿಕ್ಕಮ್ಮನ ಮೊಮ್ಮಗನ ತೊಟ್ಟಿಲಿಗೆಂದು ಇಂಡಿಗೆ ಹೋದೆ. ವಿಜಾಪುರದ ಆರೋಗ್ಯ ಇಲಾಖೆಯ ಸಾಹೇಬರ ಹೆಸರಿಗೆ ಅರ್ಜಿಯನ್ನು ಇಲ್ಲೇ ಬರೆದುಕೊಂಡು ಹೋಗಿದ್ದೆ. ಸಿಂದಗಿಯ ಠಸ್ಸೆ ಬೀಳಬಾರದೆಂದು ಇಂಡಿಯ ಅಂಚೆಯಲ್ಲಿ ಹಾಕಿದೆ. ಹಿಪ್ಪರಗಿ ದವಾಖಾನೆಯ ನರ್ಸಬಾಯಿ ಸರಕಾರದ ಕೋಣೆಯಲ್ಲಿ ಖಾಸಗಿ ಗಂಡಸೊಬ್ಬನ ವಸ್ತು ಮುಚ್ಚಿಡುತ್ತಾಳೆ, ಆತ ಶನಿವಾರ ಬರುತ್ತಾನೆ, ಬಂದು ನೋಡಿರಿ ಎಂದು ಬರೆದಿದ್ದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಕೊನೆಗೆ “ಈಕೆಯ ನಡತೆ ಸರಿಯಿಲ್ಲ” ಎಂದು ಸೇರಿಸಿದೆ. ಈಗ ತುರ್ತು ಪರಿಸ್ಥಿತಿಯ ಕಾಲ, ಹೆಸರಿಲ್ಲದ ಕಾಗದಕ್ಕೂ ಸಾಹೇಬರು ಹೆದರುತ್ತಾರೆ, ಜೀಪು ಬಂದೇ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ.

ಜನವರಿಯ ಮೊದಲ ಶನಿವಾರ ಜೀಪು ಬಂತು. ಅವತ್ತು ಅಲ್ಲಿ ನಡೆದದ್ದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನನಗೆ ಮುಟ್ಟಿದ್ದು ಇಷ್ಟು. ಔಷಧ ಕದ್ದು ಮಾರುತ್ತಿರಬೇಕೆಂದು ಸಾಹೇಬರು ಎಲ್ಲ ಕಪಾಟು ತೆಗೆಸಿದರಂತೆ. ಕೊನೆಗೆ ಲಸಿಕೆಯ ಫ್ರಿಜ್ಜು ತೆಗೆಸಿದಾಗ ಸೀಸೆಗಳ ಹಿಂದೆ ಕಾಗದದ ಚೀಲ ಸಿಕ್ಕಿತಂತೆ. ಮೇಜಿನ ಮೇಲೆ ಸುರಿದು ಇದೇನು ಎಂದು ಕೇಳಿದರಂತೆ. ನೀವು ಬಾಯಿ ತೆರೆಯುವ ಮೊದಲೇ ದವಾಖಾನೆಯ ಶಿಪಾಯಿ ಅಮಸಿದ್ದ, “ಉಳ್ಳಾಗಡ್ಡಿ ಅದಾವ್ರಿ ಸಾಹೇಬ್ರ,” ಎಂದನಂತೆ. ಪಂಚನಾಮೆಯಲ್ಲೂ ಹಾಗೆಯೇ ಬರೆದರು. ಲಸಿಕೆಯ ಫ್ರಿಜ್ಜಿನಲ್ಲಿ ಖಾಸಗಿ ವ್ಯಕ್ತಿಯ ಉಳ್ಳಾಗಡ್ಡಿ, ಐದು. ಅದಕ್ಕೇ ನಿಮ್ಮನ್ನು ಸಸ್ಪೆಂಡ್ ಮಾಡಿದರು. ಅರ್ಜಿಯ ಕೊನೆಯ ಸಾಲನ್ನು ಯಾರೋ ವರಾಂಡದಲ್ಲಿ ಗಟ್ಟಿಯಾಗಿ ಓದಿದರು. ಸಂಜೆಯೊಳಗೆ ಅದು ಸಂತೆ ಮುಟ್ಟಿತು, ವಾರದೊಳಗೆ ತಾಳಿಕೋಟೆ ಮುಟ್ಟಿತು. ನಿಮ್ಮ ಮಗಳು ಪೀರಬಿಯನ್ನು ತಮ್ಮ ಮಗ ಶಮಶುದ್ದೀನನಿಗೆ ಕೇಳಿದ್ದ ಅಲ್ಲಿಯ ಬಳೆ ಅಂಗಡಿಯ ಯಾಕೂಬಸಾಬರು, ಮದುವೆಯ ಮಾತು ಸದ್ಯಕ್ಕೆ ಬೇಡ ಎಂದು ಹೇಳಿ ಕಳಿಸಿದರು.

ಜೀಪು ಬಂದ ದಿನ ಸಂಜೆ ನಮ್ಮ ಮಾಸ್ತರರು ಆ ಚೀಲ ಹಿಡಿದುಕೊಂಡು ಮನೆಗೆ ಬಂದರು. ತಪ್ಪು ನನ್ನದು, ಆಕೆಯದಲ್ಲ ಎಂದು ಸಾಹೇಬರ ಮುಂದೆ ನಿಂತು ಹೇಳಿದರೂ ಯಾರೂ ಕೇಳಲಿಲ್ಲವಂತೆ. ಕಟ್ಟೆಯ ಮೇಲೆ ಕುಳಿತು ನನಗೆ ಎಲ್ಲ ಹೇಳಿದರು. ಅವು ಟ್ಯೂಲಿಪ್ ಎಂಬ ಹೂವಿನ ಗಡ್ಡೆ. ಇಪ್ಪತ್ತು ವರ್ಷ ವಿಜ್ಞಾನದ ಪುಸ್ತಕದಲ್ಲಿ ಆ ಹೂವಿನ ಚಿತ್ರ ತೋರಿಸಿ, ಆರು ಎಸಳು, ಆರು ಕೇಸರ ಎಂದು ಪಾಠ ಮಾಡಿದ್ದರು. ಶ್ರೀನಗರದಲ್ಲಿ ಮೊದಲ ಸಲ ಕಣ್ಣಾರೆ ನೋಡಿ ಅದರ ಮುಂದೆಯೇ ಕುಳಿತುಬಿಟ್ಟರಂತೆ. ಅಲ್ಲಿಯ ಮಾಲಿ ಗಡ್ಡೆ ಕಳಿಸುತ್ತೇನೆಂದು ಮಾತು ಕೊಟ್ಟಿದ್ದ, ಕಳಿಸಿದ. ಹನ್ನೆರಡು ವಾರ ಕಡು ಥಂಡಿಯಲ್ಲಿ ಮಲಗಿದರೆ ಮಾತ್ರ ಆ ಗಡ್ಡೆ ಹೂ ಬಿಡುತ್ತದಂತೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಅಂಥ ಥಂಡಿ ಇದ್ದದ್ದು ನಿಮ್ಮ ಫ್ರಿಜ್ಜಿನಲ್ಲಿ. ನೀವು ಎರಡು ಸಲ ಆಗುವುದಿಲ್ಲ ಎಂದಿರಿ. ಪೀರಬಿಗೆ ಎಸ್ಸೆಸ್ಸೆಲ್ಸಿಗೆ ವಿಜ್ಞಾನ ಹೇಳಿಕೊಟ್ಟವರು ಮೂರನೆಯ ಸಲ ಬಂದು ನಿಂತಾಗ ಇಲ್ಲ ಎನ್ನಲಾಗಲಿಲ್ಲ.

ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ನೆಲ ನೋಡುತ್ತಾ, “ನೀ ಸಾತವ್ವಗ ಹೇಳತಿ, ಸಾತವ್ವ ಊರಿಗೆ ಹೇಳತಾಳ. ಗೌಸಬಿ ನೌಕರಿ ಹೋಗತಿತ್ತು,” ಎಂದರು. ಅರ್ಜಿ ಯಾರು ಬರೆದಿರಬಹುದು ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಆಮೇಲೆ ತಾವೇ ಅಮಸಿದ್ದನ ಹೆಸರು ಹೇಳಿದರು. ಹಣ್ಣಿನ ಹತ್ತಿರ ಇಟ್ಟರೆ ಗಡ್ಡೆಯೊಳಗಿನ ಹೂ ಕೆಡುತ್ತದೆಂದು ಮಾಲಿ ಬರೆದಿದ್ದನಂತೆ. ಅಮಸಿದ್ದ ಫ್ರಿಜ್ಜಿನಲ್ಲಿ ತನ್ನ ಬಾಳೆಹಣ್ಣು ಇಟ್ಟದ್ದಕ್ಕೆ ನೀವು ಅವನಿಗೆ ಜೋರು ಮಾಡಿದ್ದಿರಂತೆ. ಆ ಸಿಟ್ಟಿಗೆ ಅವನೇ ಬರೆಸಿರಬೇಕು ಎಂದರು.

ನಾನು, ಇರಬಹುದು ಎಂದೆ.

ಅಕ್ಕಾ, ಅರ್ಜಿಯನ್ನಾದರೂ ಸಿಟ್ಟಿನಲ್ಲಿ ಬರೆದೆ. ಈ ಮಾತನ್ನು ತಣ್ಣಗೆ ಕುಳಿತು ಆಡಿದೆ. ಮುಂದಿನ ವಾರ ಅಮಸಿದ್ದ ಸಿಂದಗಿಗೆ ಬಂದು ನಮ್ಮ ಅಂಗಳದಲ್ಲಿ ನಿಂತ. ಹಿಪ್ಪರಗಿಯಲ್ಲಿ ಹೆಂಗಸರು ತನ್ನನ್ನು ಕಂಡರೆ ಉಗುಳುತ್ತಾರೆ ಎಂದ. “ನಾ ಬರದಿಲ್ಲರಿ ಅಕ್ಕಾರ. ನನಗ ಸಹಿ ಮಾಡೂದಷ್ಟ ಬರತೈತಿ,” ಎಂದ. ಮಾಸ್ತರರು ಮನೆಯಲ್ಲಿರಲಿಲ್ಲ. ನಾನು ಅವನಿಗೆ ಚಹಾ ಕೊಟ್ಟು ಕಳಿಸಿದೆ.

ಇಷ್ಟಾದರೂ ನನ್ನ ಸಂಶಯ ಸಾಯಲಿಲ್ಲ ಎಂದರೆ ನೀವು ನಂಬುವುದಿಲ್ಲ. ಚೀಲ ಅಡುಗೆಮನೆಯ ಅಟ್ಟದ ಮೇಲೆ ಇತ್ತು. ತೆಗೆದು ನೋಡಿದರೆ ಅದೇ ಕಂದು ಸಿಪ್ಪೆ, ಅದೇ ಚೂಪು ತುದಿ, ಉಳ್ಳಾಗಡ್ಡಿಯೇ. ಶನಿವಾರದ ವಿಷಯದಲ್ಲಿ ಸುಳ್ಳು ಹೇಳಿದವರು ಹೂವಿನ ಕಥೆಯನ್ನೂ ಕಟ್ಟಿರಬಹುದಲ್ಲ ಎಂದುಕೊಂಡೆ. ನಿಜ ಹೇಳುತ್ತೇನೆ, ಅದು ಉಳ್ಳಾಗಡ್ಡಿಯಾಗಿರಲಿ ಎಂದು ನನಗೆ ಆಸೆಯಿತ್ತು. ಹಾಗಾದರೆ ನನ್ನ ಅರ್ಜಿ ಸುಳ್ಳಾಗುತ್ತಿರಲಿಲ್ಲ.

ಅವರು ಶಾಲೆಗೆ ಹೋದಾಗ ಒಂದನ್ನು ಈಳಿಗೆಗೆ ಕೊಟ್ಟೆ. ಕಣ್ಣು ಉರಿಯಲಿಲ್ಲ. ಘಾಟು ಇರಲಿಲ್ಲ. ಬಿಳಿ ಪದರುಗಳ ನಡುವೆ, ಹೊಟ್ಟೆಯ ಒಳಗೆ, ಕಿರುಬೆರಳಿನ ಉಗುರಿನಷ್ಟು ಒಂದು ಮೊಗ್ಗು ಕುಳಿತಿತ್ತು. ಎಸಳುಗಳು ಮಡಿಕೆಯಾಗಿ ಮುಚ್ಚಿದ್ದವು, ಒಳಗೆ ಕೇಸರದ ಎಳೆಗಳೂ ಇದ್ದವು. ಇಡೀ ಹೂವು ಒಳಗೇ ತಯಾರಾಗಿ ಕೂತಿತ್ತು. ಈಳಿಗೆ ಅದನ್ನು ಸರಿಯಾಗಿ ಎರಡು ಭಾಗ ಮಾಡಿತ್ತು. ಹೋಳುಗಳನ್ನು ಹಿತ್ತಿಲಲ್ಲಿ ಹುಗಿದೆ. ಒಂದನ್ನು ಇಲಿ ಒಯ್ದಿತು ಎಂದು ಮಾಸ್ತರರಿಗೆ ಹೇಳಿದೆ. ಅವರು ಹೂಂ ಎಂದರು, ತಲೆ ಎತ್ತಲಿಲ್ಲ.

ಉಳಿದ ನಾಲ್ಕನ್ನು ನಾನೇ ನೆಟ್ಟೆ. ಮಾಲಿ ಬರೆದದ್ದನ್ನೆಲ್ಲ ಅವರು ಕನ್ನಡದಲ್ಲಿ ಒಂದು ನೋಟುಬುಕ್ಕಿಗೆ ಇಳಿಸಿಕೊಂಡಿದ್ದರು, ಅದನ್ನು ನೋಡಿ ಮಾಡಿದೆ. ನಮ್ಮ ಕರಿಮಣ್ಣು ನೀರು ಹಿಡಿಯುತ್ತದೆ, ಆಗುವುದಿಲ್ಲ. ಕೆಂಪು ಮಣ್ಣಿಗೆ ಅರ್ಧ ಉಸುಕು, ಒಂದಿಷ್ಟು ಹಳೆಯ ಎಲೆಗೊಬ್ಬರ ಬೆರೆಸಿ, ತಳಕ್ಕೆ ಹಂಚಿನ ಚೂರು ಹಾಕಿ ನಾಲ್ಕು ಕುಂಡ ತುಂಬಿದೆ. ಜೋಳ ಇಡುವ ಒಳಕೋಣೆಯಲ್ಲಿ ನೀರಿನ ಹರವಿಗಳ ಪಕ್ಕ ಇಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ತಣ್ಣನೆಯ ಜಾಗವಿಲ್ಲ. ಕುಂಡಗಳಿಗೆ ಗೋಣಿತಟ್ಟು ಸುತ್ತಿ ದಿನಕ್ಕೆ ನಾಲ್ಕು ಸಲ ಅದನ್ನು ತೋಯಿಸುತ್ತಿದ್ದೆ. ಐದನೆಯ ದಿನ ಮಾಸ್ತರರು ಬಾಗಿಲಲ್ಲಿ ಬಂದು ನಿಂತರು. ಎರಡು ವಾರದಲ್ಲಿ ನನ್ನ ಕೂಡ ಆಡಿದ ಮೊದಲ ಉದ್ದ ಮಾತು ಅದು: “ತುದಿ ಹೊರಗ ಕಾಣಬೇಕು. ಪೂರಾ ಮುಚ್ಚಬ್ಯಾಡ. ಮಣ್ಣು ಮುಟ್ಟಿ ನೋಡು, ಒಣಗಿದ್ರಷ್ಟ ನೀರು.”

ನಾನು ಆ ಮಾತನ್ನೂ ಪೂರ್ತಿ ನಂಬಲಿಲ್ಲ. ಒಂದಕ್ಕೆ ಕದ್ದು ಹೆಚ್ಚು ನೀರು ಹಾಕಿದೆ. ಅದು ಕೊಳೆಯಿತು. ಉಳಿದ ಮೂರು ಹಸಿರು ಮೂಗು ತೋರಿಸಿದವು. ಎರಡು ಬೆರಳು ಎತ್ತರವಾದ ಮೇಲೆ ಉತ್ತರದ ಕಿಟಕಿಗೆ ತಂದೆ. ಬೆಳಕು ಬೇಕು, ಬಿಸಿಲು ತಾಗಬಾರದು. ಗಿಡ ಬೆಳಕಿನ ಕಡೆ ಕತ್ತು ಚಾಚುತ್ತದೆ, ಅದಕ್ಕೆ ದಿನಾ ಬೆಳಿಗ್ಗೆ ಕುಂಡವನ್ನು ಸ್ವಲ್ಪ ತಿರುಗಿಸಬೇಕು. ಉಳ್ಳಾಗಡ್ಡಿಯ ಎಲೆ ಕೊಳವೆಯಂತೆ ಇರುತ್ತದೆ. ಇದರ ಎಲೆ ಅಗಲವಾಗಿ, ತಿಳಿಯಾಗಿ ಬೂದಿ ಬಳಿದಂತೆ ಇತ್ತು. ಫೆಬ್ರುವರಿಯ ನಡುವೆ ಧಗೆ ಹೆಚ್ಚಾಯಿತು. ಒಂದು ಬರೀ ಎಲೆಯಾಯಿತು. ಇನ್ನೊಂದರ ಮೊಗ್ಗು ಹೊರಗೆ ಬರುವ ಮೊದಲೇ ಕಾಗದದಂತೆ ಒಣಗಿತು. ಉಳಿದ ಒಂದರ ಮುಂದೆ ನಾನು ಬೀಸಣಿಗೆ ಹಿಡಿದು ಕುಳಿತದ್ದೂ ಉಂಟು. ಮಗಳು ನಗುತ್ತಿದ್ದಳು.

ಫೆಬ್ರುವರಿ ಇಪ್ಪತ್ತೇಳರ ಬೆಳಿಗ್ಗೆ ಅದು ಅರಳಿತು. ಕೆಂಪು ಬಣ್ಣ, ಎಸಳಿನ ಅಂಚಿಗೆ ಹಳದಿ. ಸಂಜೆ ತಾನಾಗಿ ಮುಚ್ಚಿಕೊಂಡಿತು. ಮಾಸ್ತರರು ಅವತ್ತು ತಮ್ಮ ತರಗತಿಯ ಹುಡುಗರನ್ನು ಸಾಲಾಗಿ ಮನೆಗೆ ಕರೆತಂದು ತೋರಿಸಿದರು. ಎಲ್ಲರೂ ಹೋದ ಮೇಲೆ ಕಿಟಕಿಯ ಹತ್ತಿರ ಕುಳಿತು, ಹನ್ನೆರಡು ವಾರ ಕಾಪಾಡಿದ ಗೌಸಬಿಗೆ ಇದನ್ನು ನೋಡುವ ಭಾಗ್ಯವಿಲ್ಲದೆ ಹೋಯಿತು ಎಂದರು. ಆಮೇಲೆ, “ಆ ಅರ್ಜಿ ಬರದವರಿಗೂ ಒಮ್ಮೆ ಇದನ್ನ ತೋರಿಸಬೇಕಾಗಿತ್ತು ನೋಡು,” ಎಂದರು.

“ಈಗಾಗಲೇ ತೋರಿಸೀರಿ,” ಎಂದೆ.

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಮುಖ ನೋಡಿದರು. ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ದೀಪ ಹಚ್ಚುವ ಹೊತ್ತಿಗೆ ಬಂದು, “ನನಗ ಹೇಳಿದ್ರ ಸಾಲೂದಿಲ್ಲ,” ಎಂದರು. ಅವತ್ತಿನಿಂದ ನನಗೆ ಅವರು ಹೇಳಿದ್ದು ಬರೀ ಬಸ್ಸಿನ ಸಮಯ.

ಮಂಗಳವಾರ ವಿಜಾಪುರಕ್ಕೆ ಹೋಗಿ ಸಾಹೇಬರ ಮುಂದೆ ನನ್ನ ಹೆಸರು ಬರೆದು ಸಹಿ ಮಾಡಿ ಕೊಟ್ಟೆ. ಅವರು ಬಹಳ ಬಯ್ದರು. ನಡತೆಯ ಮಾತನ್ನು ಕಡತದಿಂದ ತೆಗೆಯುತ್ತಾರೆ. ಫ್ರಿಜ್ಜಿನ ತಪ್ಪು ತಪ್ಪೇ, ಅದಕ್ಕೆ ನಿಮಗೆ ಎಚ್ಚರಿಕೆಯ ಕಾಗದ ಬರುತ್ತದೆ, ಆಮೇಲೆ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ. ಒಂದು ತಿಂಗಳೊಳಗೆ ಹುಕುಂ ಕಳಿಸುತ್ತೇನೆ ಎಂದಿದ್ದಾರೆ.

ಶುಕ್ರವಾರ ತಾಳಿಕೋಟೆಗೆ ಹೋದೆವು. ಯಾಕೂಬಸಾಬರು ಅಂಗಡಿಯಲ್ಲಿ ಗಿರಾಕಿಗಳನ್ನು ಬಿಟ್ಟು ನಮ್ಮನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ನಾನು ಎಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು. “ಬರಿಯಾಗ ಆ ಹುಡಿಗಿ ನೆನಪಾಗಲಿಲ್ಲೇನ್ರಿ ನಿಮಗ?”

ಆಗಲಿಲ್ಲ ಎಂದೆ. ಅದು ನಿಜ ಅಕ್ಕಾ. ನಿಮಗೊಬ್ಬ ಮಗಳಿದ್ದಾಳೆ ಎಂಬುದು ಆ ಕಾಗದ ಬರೆಯುವಾಗ ನನ್ನ ತಲೆಗೆ ಬರಲೇ ಇಲ್ಲ. ಕೊನೆಗೆ ಯಾಕೂಬಸಾಬರು, ನಿಮ್ಮನ್ನು ಒಂದು ಮಾತು ಕೇಳದೆ ಹೇಳಿ ಕಳಿಸಿದ್ದು ತಮ್ಮ ತಪ್ಪು, ತಾವೇ ಮುದ್ದೇಬಿಹಾಳಕ್ಕೆ ಬಂದು ಕೇಳುತ್ತೇವೆ ಎಂದರು. ಶಮಶುದ್ದೀನ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾವು ಹೊರಟಾಗ ಬಸ್ಸಿನ ತನಕ ಬಂದ. ಅವರು ಬಂದಾಗ ಹೂಂ ಎನ್ನುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಪೀರಬಿಗೆ ಬಿಟ್ಟದ್ದು.

ನಿನ್ನೆ ಹಿಪ್ಪರಗಿ ದವಾಖಾನೆಯ ವರಾಂಡದಲ್ಲಿ, ಚೀಟಿ ಹಿಡಿದು ಕುಳಿತ ಜನರ ಮುಂದೆ ಅಮಸಿದ್ದನಿಗೆ ಕೈ ಮುಗಿದೆ. ಅವನು, “ಚಾ ಕುಡಿಸಿ ಕಳಿಸಿದ್ರಲ್ರಿ ಅಕ್ಕಾರ,” ಎಂದಷ್ಟೇ ಹೇಳಿ ಒಳಗೆ ಹೋದ. ಸಾತವ್ವ ಅಲ್ಲಿದ್ದಳು. ಇಷ್ಟು ಹೊತ್ತಿಗೆ ಊರೆಲ್ಲ ಗೊತ್ತಾಗಿರುತ್ತದೆ. ಸಿಂದಗಿಯ ಮಹಿಳಾ ಮಂಡಳಕ್ಕೂ ಸುದ್ದಿ ಬಂದಿದೆ. ಇನ್ನು ಅಲ್ಲಿಯ ಹೊಲಿಗೆ ಮಷಿನ್ನಿನ ಮುಂದೆ ನನ್ನ ಪಕ್ಕದ ಮಣೆ ಖಾಲಿ ಇರುತ್ತದೆ. ಇರಲಿ.

ಮುಂದಿನ ರವಿವಾರ ಬೆಳಗಿನ ಬಸ್ಸಿಗೆ ನಾನೂ ಮಾಸ್ತರರೂ ಮುದ್ದೇಬಿಹಾಳಕ್ಕೆ ಬರಬೇಕೆಂದಿದ್ದೇವೆ. ಬೇಡ ಎನಿಸಿದರೆ ಒಂದು ಕಾರ್ಡು ಹಾಕಿರಿ, ಬರುವುದಿಲ್ಲ. ಹೂವು ಅಷ್ಟು ದಿನ ತಾಳುವುದಿಲ್ಲ, ಇವತ್ತಾಗಲೇ ಎಸಳು ಸಡಿಲಾಗಿದೆ. ಪೀರಬಿಗೆ ಏನು ಬರೆಯಬೇಕೆಂದು ನನಗೆ ತಿಳಿಯುತ್ತಿಲ್ಲ. ಈ ಕಾಗದವನ್ನು ಅವಳೂ ಓದಲಿ.

ನಿಮ್ಮನ್ನು ಅಕ್ಕ ಎಂದು ಕರೆಯುವ ಹಕ್ಕು ಕಳೆದುಕೊಂಡು, ಆದರೂ ಹಾಗೆಯೇ ಕರೆಯುತ್ತಿರುವ,
ಕಸ್ತೂರೆವ್ವ

ತಾ.ಕ.: ವಿಜಾಪುರದಲ್ಲಿ ನಡೆದ ಒಂದು ಮಾತನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಮಾಸ್ತರರಿಗೂ ಹೇಳಿಲ್ಲ. ಸಾಹೇಬರು ನನ್ನ ಅರ್ಜಿಯನ್ನು ಕಡತದಿಂದ ತೆಗೆದು ತೋರಿಸಿದರು. ಜೀಪು ಬಂದ ದಿನವೇ ಅದನ್ನು ನಿಮ್ಮ ಕೈಗೆ ಕೊಟ್ಟಿದ್ದರಂತೆ. ನೀವು ಎರಡು ಸಲ ಓದಿ, ಈ ಅಕ್ಷರ ಯಾರದೋ ನನಗೆ ಗೊತ್ತಿಲ್ಲ ಎಂದು ವಾಪಸು ಕೊಟ್ಟಿರಂತೆ. ನಾನು ಎಡಗೈಯಲ್ಲಿ ಬರೆದಿದ್ದೆ. ಆದರೆ ನನ್ನ ‘ಳ’ದ ಬಾಲ ಎಡಗೈಯಲ್ಲೂ ಹಾಗೆಯೇ ಡೊಂಕಾಗಿತ್ತು, ನಾನೇ ನೋಡಿದೆ. ಹನ್ನೊಂದು ವರ್ಷ ನನ್ನ ಪತ್ರ ಓದಿದವರು ನೀವು. ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ನಾನು ಕೇಳುವುದಿಲ್ಲ. ಗೊತ್ತೇ ಇರಲಿಲ್ಲ ಎಂದು ಮಾತ್ರ ಹೇಳಬೇಡಿ ಅಕ್ಕಾ. ಅದನ್ನು ನಾನು ನಂಬುವುದಿಲ್ಲ.